ಎರಡು ದಿನದ ಕೆಲಸಕ್ಕೆ ಎರಡು ತಿಂಗಳ ಸಿದ್ಧತೆ

ಮಾನ್ಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ಕೈಸೇರಿದೆ. ತಂತ್ರಾಂಶ ಮತ್ತು ವಿನ್ಯಾಸದ ಕೆಲಸದಲ್ಲಿರುವ ಇಪ್ಪತ್ತೈದು ಮಂದಿ ಗೆಳೆಯರು ಕೂಡಿ, ಊರಿನ ಹನ್ನೆರಡು ಸೇವಾಸಂಸ್ಥೆಗಳಿಗೆ ಒಂದು ಶನಿವಾರ, ಭಾನುವಾರದಲ್ಲಿ ಉಚಿತವಾಗಿ ಜಾಲತಾಣಗಳನ್ನು ಮಾಡಿಕೊಡಬೇಕೆಂದಿದ್ದೀರಿ. ಉತ್ತಮ ತಂಡಕ್ಕೆ ಬಹುಮಾನವಿಟ್ಟು, ಮಾರ್ಚ್ ಎರಡನೇ ವಾರದಲ್ಲಿ ನಡೆಸುವ ಆಲೋಚನೆಯನ್ನು ತಿಳಿಸಿ, ಇದರಿಂದ ಸಂಸ್ಥೆಗಳಿಗೆ ನಿಜವಾಗಿ ಉಪಯೋಗವಾದೀತೇ ಎಂದು ಕೇಳಿದ್ದೀರಿ. ಖಂಡಿತ ಆದೀತು. ಆದರೆ ಯೋಜನೆ ಈಗಿರುವಂತೆಯೇ ನಡೆದರೆ ಆಗಲಾರದೇನೋ ಎಂಬ ಆತಂಕದಿಂದ ಈ ಉತ್ತರವನ್ನು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಇಂಥ ಕಾರ್ಯಕ್ರಮಗಳ ಹಿಂದೆ ಕಾಲು ಶತಮಾನದ ಅನುಭವವಿದೆ. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1998ರಲ್ಲಿ ಆರಂಭವಾದ ಕ್ರಿಯೇಟಥಾನ್‌ನಲ್ಲಿ ಜಾಹೀರಾತು ಮತ್ತು ವಿನ್ಯಾಸದ ವೃತ್ತಿಯವರು 24 ಗಂಟೆ ಕುಳಿತು ಸೇವಾಸಂಸ್ಥೆಗಳ ಕೆಲಸ ಮಾಡಿಕೊಟ್ಟರು. 2007ರಲ್ಲಿ ಡಲ್ಲಾಸ್‌ನಲ್ಲಿ ಹುಟ್ಟಿದ ಗಿವ್‌ಕ್ಯಾಂಪ್‌ನಲ್ಲಿ ತಂತ್ರಾಂಶ ಬಲ್ಲವರು ಶುಕ್ರವಾರ ಸಂಜೆಯಿಂದ ಭಾನುವಾರದವರೆಗೆ ಅದನ್ನೇ ಮಾಡಿದರು. ಎರಡರಲ್ಲೂ ಸಂಸ್ಥೆಗಳು ಮೊದಲೇ ಅರ್ಜಿ ಹಾಕಬೇಕಿತ್ತು. ಯಾವ ಕೆಲಸ ಅಷ್ಟು ಹೊತ್ತಿನಲ್ಲಿ ಮುಗಿದೀತೆಂದು ನೋಡಿಯೇ ಆಯ್ಕೆ. ಗೂಗಲ್, ಮೈಕ್ರೋಸಾಫ್ಟ್, ಯಾಹೂ, ನಾಸಾ ಮತ್ತು ವಿಶ್ವಬ್ಯಾಂಕ್ ಸೇರಿ 2009ರಲ್ಲಿ ಆರಂಭಿಸಿದ ರ‍್ಯಾಂಡಮ್ ಹ್ಯಾಕ್ಸ್ ಆಫ್ ಕೈಂಡ್‌ನೆಸ್‌ನ ಮೊದಲ ಕೂಟದಲ್ಲಿ ತಯಾರಾದ ‘ಐಯಾಮ್ ಓಕೆ’ ಎಂಬ ಸಾಧನ ಮರುವರ್ಷ ಹೈಟಿ ಮತ್ತು ಚಿಲಿಯ ಭೂಕಂಪಗಳಲ್ಲಿ ಬಳಕೆಗೆ ಬಂತು. ಅದು ಮಾಡುತ್ತಿದ್ದುದು ಒಂದೇ ಕೆಲಸ: ತಾನು ಸುರಕ್ಷಿತವಾಗಿದ್ದೇನೆಂದು ಮನೆಯವರಿಗೆ ಎಸ್‌ಎಂಎಸ್ ಮೂಲಕ ತಿಳಿಸುವುದು. ಸಾಧಾರಣ ಮೊಬೈಲಿನಲ್ಲೂ ಅದು ನಡೆಯುತ್ತಿತ್ತು ಎಂಬುದನ್ನು ಗಮನಿಸಬೇಕು.

ಆದ್ದರಿಂದ ಎಲ್ಲರಿಗೂ ಜಾಲತಾಣ ಎಂದು ಮೊದಲೇ ತೀರ್ಮಾನಿಸಬೇಡಿ. ಸಂಸ್ಥೆಯ ಕಚೇರಿಗೆ ಹೋಗಿ ಅರ್ಧ ದಿನ ಸುಮ್ಮನೆ ಕುಳಿತು ನೋಡಿ. ದಾನಿಗಳ ಹೆಸರು ರಸೀದಿ ಪುಸ್ತಕದ ಕಾರ್ಬನ್ ಪ್ರತಿಯಲ್ಲಿರುತ್ತದೆ, ಫೋನ್ ನಂಬರ್ ಯಾರದೋ ಡೈರಿಯಲ್ಲಿರುತ್ತದೆ, ಪ್ಯಾನ್ ಸಂಖ್ಯೆಯನ್ನು ಕೇಳಿಯೇ ಇರುವುದಿಲ್ಲ. ದಾನಿಗಳಿಗೆ ತೆರಿಗೆ ರಿಯಾಯಿತಿ ದೊರಕಿಸುವ 80ಜಿ ಮಾನ್ಯತೆಯಿರುವ ಸಂಸ್ಥೆಗಳು ದಾನಿಗಳ ವಿವರವನ್ನು ಪ್ರತಿ ವರ್ಷ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕೆಂಬ ನಿಯಮ 2021ರಿಂದ ಜಾರಿಗೆ ಬಂದ ಮೇಲೆ, ಮೇ ತಿಂಗಳು ಬಂತೆಂದರೆ ಅಲ್ಲಿನ ಗುಮಾಸ್ತರಿಗೆ ನಿದ್ದೆಯಿರುವುದಿಲ್ಲ. ಅಂಥ ಕಡೆ ಅಚ್ಚುಕಟ್ಟಾದ ಒಂದು ಎಕ್ಸೆಲ್ ಪಟ್ಟಿಯನ್ನು ಸಿದ್ಧಪಡಿಸಿ, ಅದನ್ನು ತುಂಬುವ ರೀತಿಯನ್ನು ಆ ಗುಮಾಸ್ತರಿಗೆ ಕಲಿಸಿಕೊಟ್ಟರೆ, ಹತ್ತು ಪುಟಗಳ ಜಾಲತಾಣಕ್ಕಿಂತ ದೊಡ್ಡ ಉಪಕಾರವಾಗುತ್ತದೆ.

ಜಾಲತಾಣವೇ ಬೇಕಾದ ಸಂಸ್ಥೆಗಳಲ್ಲಿ, ಹೊರದೇಶದ ಯಾವ ಕೈಪಿಡಿಯೂ ಹೇಳದ ತೊಡಕೊಂದು ನಿಮಗೆ ಎದುರಾಗುತ್ತದೆ. ಅವರ ವಾರ್ಷಿಕ ವರದಿ, ಕರಪತ್ರ, ಪತ್ರವ್ಯವಹಾರಗಳೆಲ್ಲ ಕನ್ನಡ ಟೈಪಿಂಗಿನ ತಂತ್ರಾಂಶಗಳಾದ ‘ನುಡಿ’ ಅಥವಾ ‘ಬರಹ’ದ ಹಳೆಯ ಆಸ್ಕಿ ಫಾಂಟುಗಳಲ್ಲಿ, ಅಂದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳಲ್ಲಿರುತ್ತವೆ. ‘ಕನ್ನಡ’ ಎಂಬ ಪದವನ್ನು ಅಲ್ಲಿಂದ ನಕಲಿಸಿ ಜಾಲಪುಟಕ್ಕೆ ಅಂಟಿಸಿದರೆ ಮೊದಲು ಇಂಗ್ಲಿಷಿನ ‘ಪಿ’, ಆಮೇಲೆ ತಲೆಯ ಮೇಲೆ ಗೀಟಿರುವ ‘ಎ’, ಅದರ ಪಕ್ಕಕ್ಕೆ ಪೌಂಡ್ ಚಿಹ್ನೆ ಕಾಣಿಸುತ್ತದೆ. ಎಲ್ಲ ಕಂಪ್ಯೂಟರುಗಳೂ ಕನ್ನಡವೆಂದೇ ಗುರುತಿಸುವ ಯುನಿಕೋಡ್ ಸಂಕೇತಕ್ಕೆ ಪರಿವರ್ತಿಸುವ ಉಚಿತ ಸಾಧನಗಳಿವೆ, ನಿಜ. ಆದರೆ ಅರ್ಕಾವತ್ತು, ಒತ್ತಕ್ಷರಗಳಲ್ಲಿ ತಪ್ಪುಗಳು ಉಳಿಯುವುದುಂಟು, ನಡುವೆ ಇದ್ದ ಇಂಗ್ಲಿಷ್ ಪದಗಳೂ ಇಮೇಲ್ ವಿಳಾಸಗಳೂ ಅರ್ಥವಿಲ್ಲದ ಕನ್ನಡವಾಗಿಬಿಡುವುದೂ ಉಂಟು. ಇದನ್ನು ತಿದ್ದಲು ಪ್ರೋಗ್ರಾಮರ್‌ಗಿಂತ ಹೆಚ್ಚಾಗಿ ಕಾಗುಣಿತ ಬಲ್ಲ ಮೇಷ್ಟರು ಬೇಕು. ನಿಮ್ಮ ಇಪ್ಪತ್ತೈದು ಮಂದಿಯ ಜೊತೆಗೆ ನಿವೃತ್ತ ಕನ್ನಡ ಅಧ್ಯಾಪಕರು ಮೂರ್ನಾಲ್ಕು ಮಂದಿಯನ್ನು ಕರೆಯಿರಿ, ಸಂತೋಷದಿಂದ ಬರುತ್ತಾರೆ. ಶೀರ್ಷಿಕೆಗಳನ್ನು ಸುಂದರವಾಗಿ ಕಾಣಿಸಬೇಕೆಂದು ಚಿತ್ರವಾಗಿ ಹಾಕುವ ಅಭ್ಯಾಸವನ್ನು ವಿನ್ಯಾಸಕಾರರು ಬಿಡಬೇಕು. ನೋಟೊ, ಬಲೂ ತಮ್ಮ, ಅನೇಕ್ ಕನ್ನಡದಂಥ ಒಳ್ಳೆಯ ಯುನಿಕೋಡ್ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಸಿಗುತ್ತವೆ. ಅಕ್ಷರ ಅಕ್ಷರವಾಗಿಯೇ ಉಳಿದರೆ ಹುಡುಕಿದವರಿಗೆ ಅದು ದೊರೆಯುತ್ತದೆ, ಅಂಧರ ಕಂಪ್ಯೂಟರಿನಲ್ಲಿರುವ ಎನ್‌ವಿಡಿಎಯಂಥ ತಂತ್ರಾಂಶ ಅದನ್ನು ಓದಿ ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಅಂಧ ಮಕ್ಕಳ ವಸತಿಶಾಲೆಯೊಂದಕ್ಕೆ ಹೋಗಿದ್ದೆ. ಸ್ವಯಂಸೇವಕರು ಬಂದು ಒಂದೇ ರಾತ್ರಿಯಲ್ಲಿ ಮಾಡಿಕೊಟ್ಟ ಜಾಲತಾಣದ ಚಿತ್ರವನ್ನು ಮುಖ್ಯೋಪಾಧ್ಯಾಯರು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಜಾಲತಾಣ ಮಾತ್ರ ಇರಲಿಲ್ಲ. ಡೊಮೈನ್, ಅಂದರೆ ಜಾಲತಾಣದ ಹೆಸರು, ಒಬ್ಬ ಹುಡುಗನ ಸ್ವಂತ ಇಮೇಲಿನಲ್ಲಿ ನೋಂದಣಿಯಾಗಿತ್ತು. ಅವನು ಕೆಲಸಕ್ಕೆಂದು ಬೇರೆ ದೇಶಕ್ಕೆ ಹೋದ, ನವೀಕರಣದ ಸೂಚನೆಗಳು ಅವನಿಗೇ ಹೋದವು, ಶಾಲೆಗೆ ವಿಷಯ ತಿಳಿಯುವಷ್ಟರಲ್ಲಿ ಆ ಹೆಸರು ಕೈಬಿಟ್ಟುಹೋಗಿತ್ತು. ಆ ಹುಡುಗನನ್ನು ದೂರಲು ನನಗೆ ಮನಸ್ಸಿಲ್ಲ, ಆದರೆ ಆ ಚೌಕಟ್ಟನ್ನು ನಾನಿನ್ನೂ ಮರೆತಿಲ್ಲ. ಡೊಮೈನ್, ಹೋಸ್ಟಿಂಗ್ (ಜಾಲತಾಣವನ್ನು ಇರಿಸುವ ಬಾಡಿಗೆ ಜಾಗ), ಇಮೇಲ್ ಎಲ್ಲವೂ ಮೊದಲ ದಿನದಿಂದಲೇ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಫೋನ್ ನಂಬರಿಗೆ ಜೋಡಿಸಿಕೊಂಡಿರಲಿ. ನವೀಕರಣದ ಮೊತ್ತ ಎಷ್ಟು, ಯಾವ ತಿಂಗಳಲ್ಲಿ ಕಟ್ಟಬೇಕು ಎಂಬುದನ್ನು ಕನ್ನಡದಲ್ಲಿ ಒಂದೇ ಹಾಳೆಯಲ್ಲಿ ಬರೆದು ಅವರ ಕಡತದಲ್ಲಿ ಇಡಿಸಿ.

ಮಕ್ಕಳ ಭಾವಚಿತ್ರಗಳ ವಿಷಯದಲ್ಲೂ ಎಚ್ಚರ ಬೇಕು. ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮು ನಿಷೇಧಿಸುತ್ತದೆ. ದಾನಿಗಳ ಮನಕರಗಿಸಲೆಂದು ಅನಾಥಾಲಯದ ಮಗುವಿನ ಮುಖವನ್ನು ಮುಖಪುಟದಲ್ಲಿ ಹಾಕುವುದು ಕಾನೂನಿಗಿಂತ ಮೊದಲು ಆ ಮಗುವಿಗೆ ಮಾಡುವ ಅನ್ಯಾಯ.

ಹನ್ನೆರಡು ಸಂಸ್ಥೆಗಳನ್ನು ಐದಕ್ಕೆ ಇಳಿಸಿ. ತಂಡಕ್ಕೆ ಐವರಂತೆ ಹಂಚಿಕೊಂಡರೆ ಇಬ್ಬರು ಊಟಕ್ಕೆದ್ದರೂ ಕೆಲಸ ನಿಲ್ಲುವುದಿಲ್ಲ. ಎರಡೂ ದಿನ ಪ್ರತಿ ತಂಡದ ಪಕ್ಕದಲ್ಲಿ ಆ ಸಂಸ್ಥೆಯ ಒಬ್ಬರು ಕುಳಿತಿರಲೇಬೇಕು. ಅವರು ಅಧ್ಯಕ್ಷರಾಗಿರುವುದಕ್ಕಿಂತ, ಮಾಡಿಕೊಟ್ಟದ್ದನ್ನು ನಾಳೆ ಬಳಸುವ ಸಿಬ್ಬಂದಿಯಾಗಿರುವುದು ಒಳ್ಳೆಯದು. ಬಹುಮಾನವನ್ನು ದಯವಿಟ್ಟು ಕೈಬಿಡಿ. ಸ್ಪರ್ಧೆಯೆಂದಾಗ ತೀರ್ಪುಗಾರರ ಮುಂದೆ ಮಿನುಗುವಂಥದ್ದನ್ನು ಮಾಡುವ ಆಸೆ ಹುಟ್ಟುತ್ತದೆ, ಸಂಸ್ಥೆಯವರು ಪ್ರೇಕ್ಷಕರಾಗುತ್ತಾರೆ. ಆ ಹಣದಲ್ಲಿ ಐದೂ ಸಂಸ್ಥೆಗಳ ಮೂರು ವರ್ಷದ ಡೊಮೈನ್ ಶುಲ್ಕವನ್ನು ಕಟ್ಟಬಹುದು.

ಇನ್ನು ಮಾರ್ಚ್ ಬೇಡ. ಆಗ ಲೆಕ್ಕಪತ್ರ ಮುಗಿಸುವ ಧಾವಂತದಲ್ಲಿ ಯಾರೂ ನಿಮ್ಮೊಡನೆ ಎರಡು ದಿನ ಕುಳಿತಿರಲಾರರು. ಜೂನ್‌ನಲ್ಲಿ ಭೇಟಿಗಳನ್ನು ಆರಂಭಿಸಿ, ಆಗಸ್ಟ್‌ನಲ್ಲಿ ಕಾರ್ಯಕ್ರಮ ನಡೆಸಿ. ಆಮಂತ್ರಣದಲ್ಲೇ ಮುಂದಿನ ಫೆಬ್ರವರಿಯ ಒಂದು ಭಾನುವಾರವನ್ನೂ ನಮೂದಿಸಿರಿ. ಅಂದು ಅದೇ ತಂಡಗಳು ಅದೇ ಸಂಸ್ಥೆಗಳಿಗೆ ಹೋಗಿ, ಮಾಡಿಕೊಟ್ಟದ್ದರಲ್ಲಿ ಯಾವುದು ಬಳಕೆಯಲ್ಲಿದೆ, ಯಾವುದು ಮೂಲೆ ಸೇರಿದೆ ಎಂದು ಸಿಬ್ಬಂದಿಯ ಜೊತೆ ಕುಳಿತು ನೋಡಲಿ. ಆ ಭಾನುವಾರ ಕಂಡದ್ದನ್ನು ಬರೆದು ಕಳುಹಿಸಿ, ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ.

– ಸಂಪಾದಕ