ಅಪ್ಪ ಅಮ್ಮನ ಜೊತೆ ವಿಯೆನ್ನಾದಲ್ಲಿ ಮೂರು ದಿನ: ಯಾವ ಕ್ರಿಸ್‌ಮಸ್ ಮಾರುಕಟ್ಟೆಗೆ ಹೋಗೋಣ?

ನಿಮ್ಮ ಪ್ರಶ್ನೆ ಇಷ್ಟು: ಡಿಸೆಂಬರ್ 7ರಿಂದ ಮೂರು ದಿನ ವಿಯೆನ್ನಾದಲ್ಲಿರುತ್ತೀರಿ, ಜೊತೆಗೆ ಅರವತ್ತೈದು ದಾಟಿದ ಅಪ್ಪ ಅಮ್ಮ, ಮೂವರೂ ಸಸ್ಯಾಹಾರಿಗಳು, ಮಾರುಕಟ್ಟೆಗಳ ಉದ್ದನೆಯ ಪಟ್ಟಿ ನೋಡಿ ತಲೆ ಕೆಟ್ಟಿದೆ.

ನಾನು ಈ ಊರಲ್ಲಿ ಎಂಟು ಚಳಿಗಾಲ ಕಳೆದಿದ್ದೇನೆ. ನನ್ನ ಅಪ್ಪ ಅಮ್ಮನೂ ಮೈಸೂರಿಂದ ಬಂದದ್ದು ಡಿಸೆಂಬರಿನಲ್ಲೇ. ಮೊದಲ ದಿನವೇ ಅವರನ್ನು ನಾಲ್ಕು ಮಾರುಕಟ್ಟೆ ಸುತ್ತಿಸಿದೆ. ರಾತ್ರಿ ಅಮ್ಮ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, "ಎಲ್ಲಾ ಕಡೆ ಜನರ ಬೆನ್ನೇ ನೋಡಿದ ಹಾಗಾಯ್ತು" ಅಂದರು. ಅದು ಇವತ್ತಿಗೂ ಮನಸ್ಸಿನಲ್ಲಿದೆ. ಹಾಗಾಗಿ ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ಪಟ್ಟಿ ಪಕ್ಕಕ್ಕಿಡಿ, ದಿನಕ್ಕೆ ಒಂದೇ ಮಾರುಕಟ್ಟೆ ಸಾಕು. ಮಧ್ಯಾಹ್ನ ಮೂರೂವರೆಗೆ ಅಲ್ಲಿರಿ, ಆರು ಗಂಟೆಗೆ ಹೊರಟುಬಿಡಿ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಬೆಳಕು ಹೋಗುತ್ತಾ ದೀಪಗಳು ಹತ್ತುವ ಆ ಅರ್ಧ ಗಂಟೆಯೇ ಈ ಮಾರುಕಟ್ಟೆಗಳ ಜೀವ. ಆಫೀಸು ಬಿಟ್ಟ ಜನ ಐದೂವರೆಯ ಮೇಲೆ ಬಂದು ತುಂಬಿಕೊಳ್ಳುತ್ತಾರೆ.

ಮೊದಲ ದಿನ ಸ್ಪಿಟ್ಟೆಲ್‌ಬರ್ಗ್. ಏಳನೇ ಜಿಲ್ಲೆಯ ಇಕ್ಕಟ್ಟಾದ ಕಲ್ಲುಹಾಸಿನ ಓಣಿಗಳು, ಎರಡೂ ಕಡೆ ಹಳೆಯ ಕಾಲದ ಪುಟ್ಟ ಮನೆಗಳು. 1970ರ ದಶಕದಲ್ಲಿ ಈ ಮನೆಗಳನ್ನೆಲ್ಲ ಕೆಡವುವ ಮಾತಿತ್ತು, ಜನ ಪಟ್ಟು ಹಿಡಿದು ಉಳಿಸಿಕೊಂಡರು. ಮನೆಗಳ ಗೋಡೆಗೆ ಒರಗಿದಂತೆ ಮರದ ಅಂಗಡಿಗಳಿರುತ್ತವೆ. ಕುಂಬಾರರು, ಕಮ್ಮಾರರು, ಉಣ್ಣೆ ನೇಯುವವರು ಎಷ್ಟೋ ಕಡೆ ತಾವೇ ಕೂತಿರುತ್ತಾರೆ. ನಮ್ಮಪ್ಪ ಒಂದು ಅಂಗಡಿ ಮುಂದೆ ಇಪ್ಪತ್ತು ನಿಮಿಷ ಕದಲಲಿಲ್ಲ. ಅಲ್ಲೊಬ್ಬ ಮುದುಕ ಚಿಕ್ಕ ಚಾಕುವಿನಿಂದ ಮರದ ಕುರಿ ಕೆತ್ತುತ್ತಿದ್ದ, ಕ್ರಿಸ್ತ ಹುಟ್ಟಿದ ಕೊಟ್ಟಿಗೆಯ ಗೊಂಬೆಸಾಲಿಗೆ. ಕುರಿಯ ಮೈಮೇಲಿನ ಉಣ್ಣೆ ಬರಲೆಂದು ಚಾಕುವಿನ ತುದಿಯಿಂದ ಉಗುರಿನಷ್ಟಗಲ ಜಾಗದಲ್ಲಿ ಸಣ್ಣಸಣ್ಣ ಗೀರು ಎಳೆಯುತ್ತಿದ್ದ. ಅಪ್ಪನಿಗೆ ಜರ್ಮನ್ ಬಾರದು, ಆತನಿಗೆ ಕನ್ನಡ ಬಾರದು. ಆದರೂ ಅಪ್ಪ ನಮ್ಮ ದಸರಾ ಗೊಂಬೆಗಳ ಫೋಟೋವನ್ನು ಫೋನಿನಲ್ಲಿ ತೆಗೆದು ತೋರಿಸಿದರು. ಆತ ಕನ್ನಡಕ ಏರಿಸಿಕೊಂಡು ಒಂದೊಂದು ಮೆಟ್ಟಿಲನ್ನೂ ದೊಡ್ಡದು ಮಾಡಿ ನೋಡಿದ. ಯು3 ಮೆಟ್ರೋದಲ್ಲಿ ಫೋಕ್ಸ್‌ಥಿಯಾಟರ್ ನಿಲ್ದಾಣದಲ್ಲಿಳಿದರೆ ಅಲ್ಲಿಂದ ಐದಾರು ನಿಮಿಷ. ಸ್ವಲ್ಪ ಏರು, ಕಲ್ಲು ಜಾರುತ್ತದೆ, ಅಮ್ಮನಿಗೆ ಒಳ್ಳೆ ಹಿಡಿತದ ಶೂ ಇರಲಿ.

ರಾಟ್‌ಹೌಸ್, ಅಂದರೆ ನಗರಸಭೆಯ ಎದುರಿನ ದೊಡ್ಡ ಮಾರುಕಟ್ಟೆ, ಎಲ್ಲ ಫೋಟೋಗಳಲ್ಲಿ ಬರುವುದು. 1296ರಲ್ಲಿ ದೊರೆ ಆಲ್ಬ್ರೆಕ್ಟ್ ಡಿಸೆಂಬರ್ ಸಂತೆಗೆ ಅನುಮತಿ ಕೊಟ್ಟನೆಂಬಲ್ಲಿಂದ ಇಲ್ಲಿನವರು ಈ ಸಂಪ್ರದಾಯದ ಕಥೆ ಶುರುಮಾಡುತ್ತಾರೆ. ಈ ಜಾಗಕ್ಕೆ ಬಂದದ್ದು ಮಾತ್ರ 1975ರಲ್ಲಿ. ಕಟ್ಟಡ ದೀಪದಲ್ಲಿ ನಿಜಕ್ಕೂ ಬೆರಗು ಹುಟ್ಟಿಸುತ್ತದೆ, ಪಕ್ಕದ ಪಾರ್ಕಿನಲ್ಲಿ ಕೆಂಪು ಹೃದಯಗಳನ್ನು ನೇತುಹಾಕಿದ ಮರ ನೋಡಬೇಕಾದದ್ದೇ. ಆದರೆ ಅಂಗಡಿಗಳಲ್ಲಿ ಬಹುಪಾಲು ಎಲ್ಲೆಡೆ ಸಿಗುವ ಸಾಮಾನು. ರಿಂಗ್ ರಸ್ತೆಯ ಟ್ರಾಮ್ ಇಳಿದು ಅರ್ಧ ಗಂಟೆ ನಿಂತು ನೋಡಿ ಹೊರಡಿ. ಡಿಸೆಂಬರ್ 8 ಇಲ್ಲಿ ಸರ್ಕಾರಿ ರಜೆ, ಅವತ್ತು ಮಾತ್ರ ಆ ಕಡೆ ಹೋಗಲೇಬೇಡಿ.

ನನ್ನ ಮನಸ್ಸಿಗೆ ತೀರಾ ಹತ್ತಿರವಾದ ಸಂಜೆಯನ್ನು ಈಗ ಹೇಳುತ್ತೇನೆ. ಮರಿಯಾ ತೆರೇಸಿಯಾ ಚೌಕದ ಎರಡೂ ಬದಿಗೆ ಅವಳಿ ಮ್ಯೂಸಿಯಂಗಳಿವೆ, ನಡುವೆ ರಾಣಿಯ ಪ್ರತಿಮೆ, ಅದರ ಸುತ್ತ ಮಾರುಕಟ್ಟೆ. ಮಧ್ಯಾಹ್ನ ಎರಡು ಗಂಟೆಗೆ ಕುನ್ಸ್ಟ್‌ಹಿಸ್ಟೋರಿಷೆಸ್ ಮ್ಯೂಸಿಯಂ ಒಳಗೆ ಹೋಗಿ. (ಸೋಮವಾರ ರಜೆ ಇರುವುದುಂಟು, ಮೊದಲೇ ನೋಡಿಕೊಳ್ಳಿ.) ಎಲ್ಲ ಕೋಣೆ ಸುತ್ತಬೇಡಿ, ಬ್ರೂಗೆಲ್ ಕೋಣೆ ಎಲ್ಲಿ ಎಂದು ಕೇಳಿ. ಆತನ ಚಿತ್ರಗಳ ಜಗತ್ತಿನ ಅತಿ ದೊಡ್ಡ ಸಂಗ್ರಹ ಇಲ್ಲಿದೆ. 1565ರಲ್ಲಿ ಬರೆದ, ಹಿಮದಲ್ಲಿ ಮನೆಗೆ ಮರಳುವ ಬೇಟೆಗಾರರ ಚಿತ್ರದ ಎದುರು ಬೆಂಚಿದ್ದರೆ ಕೂತುಕೊಳ್ಳಿ. ಸುಸ್ತಾದ ಮೂವರು ಬೇಟೆಗಾರರು, ತಲೆ ತಗ್ಗಿಸಿದ ನಾಯಿಗಳು, ಎಡಕ್ಕೆ ಹೋಟೆಲಿನ ಮುಂದೆ ಬೆಂಕಿ, ಕೆಳಗೆ ಹೆಪ್ಪುಗಟ್ಟಿದ ಕೊಳದಲ್ಲಿ ಇರುವೆಗಳಂತೆ ಆಡುವ ಜನ. ಆ ಹಸಿರು ಬೂದು ಆಕಾಶವನ್ನು ಕಣ್ಣಲ್ಲಿಟ್ಟುಕೊಂಡು ನಾಲ್ಕು ಗಂಟೆಗೆ ಹೊರಬಂದರೆ ಎದುರಿಗೆ ಅದೇ ಬಣ್ಣದ ಆಕಾಶ, ಅದರ ಕೆಳಗೆ ಹೊಗೆ, ಬೆಂಕಿ, ಜನ. ವಯಸ್ಸಾದವರಿಗೆ ಇನ್ನೊಂದು ಅನುಕೂಲವೂ ಇದೆ: ಒಳಗೆ ಬೆಚ್ಚಗಿರುತ್ತದೆ, ಶೌಚಾಲಯ ಚೊಕ್ಕಟ. ಮಾರುಕಟ್ಟೆಗಳಲ್ಲಿ ಕೂರಲು ಜಾಗ ಸಿಗುವುದೇ ಅಪರೂಪ, ನಿಂತೇ ತಿನ್ನಬೇಕು.

ಮೂರನೇ ಸಂಜೆ ಶಕ್ತಿ ಉಳಿದಿದ್ದರೆ ಕಾರ್ಲ್ಸ್‌ಪ್ಲಾಟ್ಸ್. 1713ರ ಪ್ಲೇಗಿನ ಹರಕೆಯಾಗಿ ಕಟ್ಟಿಸಿದ ಚರ್ಚು, ಅದರ ಮುಂದಿನ ಕೊಳದ ನೀರು ಖಾಲಿಮಾಡಿ ಹುಲ್ಲು ಹರಡಿರುತ್ತಾರೆ, ಮಕ್ಕಳು ಅದರಲ್ಲಿ ಹೊರಳಾಡುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದು ತಿಳಿಯುವುದಿಲ್ಲ.

ಊಟದ ವಿಷಯಕ್ಕೆ ಬರೋಣ, ಇಲ್ಲಿ ಎಚ್ಚರ ಬೇಕು. ಕೇಸೆಕ್ರೈನರ್ ಎಂಬ ಹೆಸರಿನಲ್ಲಿ 'ಕೇಸೆ' ಅಂದರೆ ಚೀಸ್, ಆದರೆ ಅದು ಚೀಸ್ ತುಂಬಿದ ಹಂದಿಮಾಂಸದ ಸಾಸೇಜು. ಶ್ಮಾಲ್ಟ್ಸ್‌ಬ್ರೋಟ್ ಬೆಣ್ಣೆ ಸವರಿದ ಬ್ರೆಡ್ಡಿನಂತೆ ಕಾಣುತ್ತದೆ, ಸವರಿರುವುದು ಹಂದಿಕೊಬ್ಬು. 'ಓನೆ ಫ್ಲೈಶ್', ಮಾಂಸವಿಲ್ಲದ್ದು, ಎಂದು ಕೇಳಿ. ಮೊಟ್ಟೆಯೂ ಬೇಡವಾದರೆ 'ಓನೆ ಐ'. ಧೈರ್ಯವಾಗಿ ತಿನ್ನಬಹುದಾದದ್ದು ಮರೋನಿ, ಅಂದರೆ ಕಬ್ಬಿಣದ ಒಲೆಯಲ್ಲಿ ಸುಟ್ಟ ಚೆಸ್ಟ್‌ನಟ್. ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಕೈಯೂ ಬೆಚ್ಚಗಾಗುತ್ತದೆ. ಅದರ ಸುಟ್ಟ ಸಿಪ್ಪೆಯ ವಾಸನೆಗೆ ಅಮ್ಮ ತಕ್ಷಣ ಬಸವನಗುಡಿಯ ಕಡಲೆಕಾಯಿ ಪರಿಷೆ ನೆನೆಸಿಕೊಂಡರು. ಲಾಂಗೋಶ್ ಹಂಗೇರಿಯಿಂದ ಬಂದದ್ದು, ಹುದುಗು ಬರಿಸಿದ ಹಿಟ್ಟನ್ನು ತಟ್ಟೆಯಗಲ ತಟ್ಟಿ ಕರಿದು ಬೆಳ್ಳುಳ್ಳಿ ನೀರು ಸವರುತ್ತಾರೆ. ಭಟೂರದ ಹತ್ತಿರದ ನೆಂಟ, ಮೂವರಿಗೆ ಒಂದು ಸಾಕು. ಮೊಟ್ಟೆ ನಡೆಯುತ್ತದೆಯಾದರೆ ಗೆರ್ಮ್‌ಕ್ನೋಡೆಲ್ ತಿನ್ನಿ: ಆವಿಯಲ್ಲಿ ಬೆಂದ ಉಂಡೆ, ಒಳಗೆ ಪ್ಲಮ್ ಹಣ್ಣಿನ ಹೂರಣ, ಮೇಲೆ ಗಸಗಸೆ, ಸಕ್ಕರೆ, ಕರಗಿದ ಬೆಣ್ಣೆ.

ಗ್ಲೂವೈನ್ ಬಿಸಿ ಕೆಂಪು ವೈನು, ಚಕ್ಕೆ, ಲವಂಗ, ಕಿತ್ತಳೆ ಹಾಕಿದ್ದು. ಕುಡಿಯದವರಿಗೆ ಕಿಂಡರ್‌ಪುನ್ಶ್ ಎಂದು ಹಣ್ಣಿನ ಬಿಸಿ ಪಾನೀಯ ಇರುತ್ತದೆ. ಮಗ್ಗಿಗೆ ಇಲ್ಲಿನವರು ಹೇಫರ್ಲ್ ಅನ್ನುತ್ತಾರೆ. ಅದಕ್ಕೆ ಬೇರೆಯಾಗಿ ಠೇವಣಿ ಹಿಡಿಯುತ್ತಾರೆ, ಮಗ್ಗು ವಾಪಸ್ ಕೊಟ್ಟರೆ ದುಡ್ಡು ವಾಪಸ್, ಇಷ್ಟವಾದರೆ ಮನೆಗೇ ಒಯ್ಯಬಹುದು. ಕೈಯಲ್ಲಿ ಸ್ವಲ್ಪ ಚಿಲ್ಲರೆ ಯೂರೋ ಇರಲಿ, ಎಲ್ಲ ಅಂಗಡಿಗಳಲ್ಲೂ ಕಾರ್ಡ್ ನಡೆಯುವುದಿಲ್ಲ.

ಕೊಳ್ಳುವುದಾದರೆ ಒಂದೇ ಒಂದು ವಸ್ತು ಕೊಳ್ಳಿ, ಹಿಮಗೋಳ. ಅಲ್ಲಾಡಿಸಿದರೆ ಒಳಗೆ ಹಿಮ ಬೀಳುವ ಗಾಜಿನ ಗುಂಡು ಹುಟ್ಟಿದ್ದೇ ಈ ಊರಿನಲ್ಲಿ. ಎರ್ವಿನ್ ಪೆರ್ಟ್ಸಿ ಎಂಬಾತ ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವವನು. 1900ರ ಸುಮಾರಿಗೆ, ವೈದ್ಯರಿಗೆ ದೀಪದ ಬೆಳಕು ಹೆಚ್ಚಿಸಿಕೊಡಲು ನೀರು ತುಂಬಿದ ಗಾಜಿನ ಗುಂಡಿನಲ್ಲಿ ಏನೇನೋ ಹಾಕಿ ನೋಡುತ್ತಿದ್ದ. ಒಮ್ಮೆ ರವೆ ಹಾಕಿದ, ಹೌದು, ನಮ್ಮ ಉಪ್ಪಿಟ್ಟಿನ ರವೆಯೇ. ಬೆಳಕು ಹೆಚ್ಚಲಿಲ್ಲ, ರವೆ ಹಿಮದಂತೆ ನಿಧಾನ ಇಳಿಯಿತು. ಒಳಗೊಂದು ಪುಟ್ಟ ಚರ್ಚು ಇಟ್ಟ. ಅವರ ಕುಟುಂಬ ಇವತ್ತಿಗೂ ಹದಿನೇಳನೇ ಜಿಲ್ಲೆ ಹೆರ್ನಾಲ್ಸ್‌ನಲ್ಲಿ ಅದನ್ನೇ ಮಾಡುತ್ತಿದೆ, ಈಗಿನ ಹಿಮವನ್ನು ಯಾವುದರಿಂದ ಮಾಡುತ್ತಾರೆ ಎಂಬುದು ಮನೆಯ ಗುಟ್ಟು. ಅಗ್ಗದ ಪ್ಲಾಸ್ಟಿಕ್ ನಕಲುಗಳೂ ಪಕ್ಕದಲ್ಲೇ ಇರುತ್ತವೆ, ಪೆರ್ಟ್ಸಿಯದೇ ಎಂದು ಕೇಳಿ ತೆಗೆದುಕೊಳ್ಳಿ. ಕೈಚೀಲದಲ್ಲಿ ಮಾತ್ರ ಇಡಬೇಡಿ. ಒಳಗಿರುವುದು ನೀರು, ಅಮ್ಮ ಎದೆಗವಚಿಕೊಂಡು ಹೋದ ದೊಡ್ಡ ಗೋಳವನ್ನು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಟ್ಟುಕೊಂಡರು. ಎರಡನೆಯದನ್ನು ನಾನು ಮುಂದಿನ ವರ್ಷ ಅಪ್ಪನ ಸ್ವೆಟರಿನಲ್ಲಿ ಸುತ್ತಿ, ಚೆಕ್-ಇನ್ ಪೆಟ್ಟಿಗೆಯ ನಟ್ಟನಡುವೆ ಇಟ್ಟು ಒಯ್ದೆ. ಈಗ ಅದು ಮೈಸೂರಿನ ಮನೆಯ ಟಿವಿ ಪಕ್ಕ ಇದೆ.