ಕೀಮೋ ಸಮಯದಲ್ಲಿ ಬಾಯಿ ಹುಣ್ಣು: ಏನು ಮಾಡಬಹುದು?

ಅಮ್ಮನಿಗೆ ಕೀಮೋ (ಕ್ಯಾನ್ಸರಿಗೆ ಕೊಡುವ ಔಷಧಿ ಚಿಕಿತ್ಸೆ) ಶುರುವಾಗಲಿದೆ, ಬಾಯಿ ಹುಣ್ಣು ಬಾರದಂತೆ ಏನು ಮಾಡಬಹುದು ಎಂದು ಕೇಳಿದ್ದೀರಿ. ಪೂರ್ತಿ ತಡೆಯಲು ಆಗದಿರಬಹುದು, ಆದರೆ ನೋವನ್ನು ಕಡಿಮೆ ಮಾಡಬಹುದು.

ಕೀಮೋ ಔಷಧಿ ಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಬಾಯಿಯ ಒಳಪದರವೂ ಅಂಥದ್ದೇ ಅಲ್ವಾ? ಅದಕ್ಕೇ ಸಾಮಾನ್ಯವಾಗಿ ಕೀಮೋ ಕೊಟ್ಟ 5ರಿಂದ 10 ದಿನದಲ್ಲಿ ಹುಣ್ಣು ಕಾಣಿಸುತ್ತದೆ.

ಕೀಮೋಗೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಮೆತ್ತನೆಯ ಬ್ರಷ್ ಬಳಸಲಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಬಾಯಿ ಮುಕ್ಕಳಿಸಲಿ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ, ಉರಿ ಜಾಸ್ತಿಯಾಗುತ್ತದೆ.

ಐಸ್ ವಿಷಯ ಮಾತ್ರ ಡಾಕ್ಟರನ್ನು ಕೇಳಲೇಬೇಕು. ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧಿಯನ್ನು ಒಮ್ಮೆಗೇ ಇಂಜೆಕ್ಷನ್ ಆಗಿ ಕೊಡುವಾಗ, 5 ನಿಮಿಷ ಮೊದಲಿನಿಂದ ಸುಮಾರು ಅರ್ಧ ಗಂಟೆ ಬಾಯಲ್ಲಿ ಐಸ್ ಚೂರು ಇಟ್ಟುಕೊಂಡರೆ ರಕ್ತನಾಳ ಕುಗ್ಗಿ ಅಲ್ಲಿಗೆ ಔಷಧಿ ಕಡಿಮೆ ತಲುಪುತ್ತದೆ. ಆದರೆ ಜೊತೆಗೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೋ ಔಷಧಿ ಇದ್ದರೆ ಐಸ್ ಬೇಡ. ತಣ್ಣನೆಯದು ತಾಗಿದರೆ ಗಂಟಲು ಹಿಡಿದಂತಾಗುತ್ತದೆ.

ಹುಣ್ಣಾದರೆ ಖಾರ, ಹುಳಿ ಬಿಡಿ. ಆರಿದ ರಾಗಿ ಗಂಜಿ, ಮೆತ್ತಗೆ ಬೆಂದ ಅನ್ನ ಬೇಳೆ ಕೊಡಿ. ಊಟಕ್ಕೆ ಮುಂಚೆ ಹಚ್ಚುವ ಜೆಲ್ ಬರೆದುಕೊಡಲು ಡಾಕ್ಟರನ್ನು ಕೇಳಿ. ಸುಮ್ನೆ ನೋವು ಸಹಿಸಿಕೊಳ್ಳಲು ಬಿಡಬೇಡಿ.

ಬಾಯಲ್ಲಿ ಬಿಳಿ ಮಚ್ಚೆ ಕಂಡರೆ ಡಾಕ್ಟರಿಗೆ ತಿಳಿಸಿ. 100.4 ಡಿಗ್ರಿ ಜ್ವರ ಬಂದರೆ, ನೀರೂ ನುಂಗಲಾಗದಿದ್ದರೆ, ನಡುರಾತ್ರಿಯಾದರೂ ಆಸ್ಪತ್ರೆಗೆ ಫೋನ್ ಮಾಡಿ.