ಅಪ್ಪ-ಅಮ್ಮ ಅಮೆರಿಕಕ್ಕೆ ಬರುತ್ತಿದ್ದಾರೆ, 50 ಸಾವಿರ ಡಾಲರಿನ ವಿಮೆ ಸಾಕೇ, 1 ಲಕ್ಷದ್ದು ಬೇಕೇ?

ಐವತ್ತು ಸಾವಿರವೋ ಒಂದು ಲಕ್ಷವೋ ಅಂತ ನಾನೂ ವಾರಗಟ್ಟಲೆ ಲೆಕ್ಕ ಹಾಕಿದ್ದೆ. ಕೊನೆಗೆ ಒಂದು ಲಕ್ಷದ್ದನ್ನೇ ಕೊಂಡೆ. ಅಪ್ಪ ಬಂದ ಮೂರನೇ ತಿಂಗಳು ಒಂದು ರಾತ್ರಿ ಎದೆನೋವು ಎಂದರು. ಎರಡು ರಾತ್ರಿ ಆಸ್ಪತ್ರೆಯಲ್ಲಿಟ್ಟು, ಹೃದಯಕ್ಕೇನೂ ಆಗಿಲ್ಲ, ಆಸಿಡಿಟಿ ಎಂದು ಮನೆಗೆ ಕಳಿಸಿದರು. ಒಟ್ಟು ಬಿಲ್ 29,280 ಡಾಲರ್. ಆ ಒಂದು ಲಕ್ಷ ಡಾಲರಿನ ಪಾಲಿಸಿಯಿಂದ ಬಂದದ್ದು 4,130.

ಕಂಪನಿಯವರು ಕ್ಲೇಮ್ ತಿರಸ್ಕರಿಸಲಿಲ್ಲ. ಪಾಲಿಸಿಯಲ್ಲಿ ಬರೆದಿದ್ದಷ್ಟನ್ನು ಚೊಕ್ಕವಾಗಿ ಕೊಟ್ಟರು. ತಪ್ಪು ನನ್ನದು, ಮತ್ತು ನಿಮ್ಮ ಪ್ರಶ್ನೆಯಲ್ಲಿ ಅದೇ ತಪ್ಪು ಕಾಣುತ್ತಿದೆ. ಮೊತ್ತ ಎಷ್ಟು ಎಂಬುದು ಎರಡನೇ ಪ್ರಶ್ನೆ. ಪಾಲಿಸಿ ಯಾವ ಬಗೆಯದು ಎಂಬುದು ಮೊದಲನೆಯದು.

ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಎರಡು ಬಗೆ: ಫಿಕ್ಸೆಡ್ ಬೆನಿಫಿಟ್ ಮತ್ತು ಕಾಂಪ್ರಹೆನ್ಸಿವ್. ಆನ್‌ಲೈನಿನಲ್ಲಿ ಹೋಲಿಸುವಾಗ ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ, ಎರಡರ ಮೇಲೂ 1,00,000 ಎಂದು ದಪ್ಪಕ್ಷರದಲ್ಲಿರುತ್ತದೆ. ಐದು ತಿಂಗಳಿಗೆ ಎರಡರ ನಡುವಿನ ವ್ಯತ್ಯಾಸ ನನಗೆ ಸುಮಾರು 500 ಡಾಲರ್ ಇತ್ತು. ಅದನ್ನು ಉಳಿಸಿದೆ ಎಂದುಕೊಂಡೆ.

ಫಿಕ್ಸೆಡ್ ಎಂದರೆ ಪ್ರತಿಯೊಂದು ಸೇವೆಗೂ ಮೊದಲೇ ಒಂದು ದರ ಕಟ್ಟಿರುತ್ತಾರೆ. ಆಸ್ಪತ್ರೆ ಎಷ್ಟೇ ಬಿಲ್ ಮಾಡಲಿ, ಅವರು ಕೊಡುವುದು ಆ ದರವನ್ನು ಮಾತ್ರ. ನಮ್ಮ ಪಾಲಿಸಿಯ ಪಟ್ಟಿಯಲ್ಲಿ ಹಾಸಿಗೆಗೆ ದಿನಕ್ಕೆ 1,400 ಇತ್ತು, ಎರಡು ದಿನಕ್ಕೆ 2,800 ಆಯಿತು. ಎಮರ್ಜೆನ್ಸಿ ರೂಮಿಗೆ 350, ಸಿಟಿ ಸ್ಕ್ಯಾನಿಗೆ 450, ವೈದ್ಯರು ಒಮ್ಮೆ ಬಂದು ನೋಡಿದರೆ 60ರಂತೆ ಮೂರು ಸಲಕ್ಕೆ 180, ಆಂಬ್ಯುಲೆನ್ಸಿಗೆ 450. ಕೂಡಿದರೆ 4,230, ಅದರಲ್ಲಿ 100 ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮುನ್ನ ನಾವೇ ಹೊರಬೇಕಾದ ಪಾಲು, ಕಳೆದು 4,130. ಆಸ್ಪತ್ರೆಯೊಂದರದ್ದೇ ಬಿಲ್ 24,600 ಇದ್ದಾಗ ಇದು ಯಾವ ಮೂಲೆಗೆ? ಪಟ್ಟಿಯ ದರಗಳನ್ನೆಲ್ಲ ಕೂಡಿಸುತ್ತಾ ಹೋದರೂ ಒಂದು ಲಕ್ಷ ಮುಟ್ಟಬೇಕಾದರೆ ಅಪ್ಪ ಎರಡು ತಿಂಗಳಿಗೂ ಹೆಚ್ಚು ಮಲಗಿರಬೇಕಿತ್ತು. ಆ ದೊಡ್ಡ ಸಂಖ್ಯೆ ಒಂದು ಛಾವಣಿ, ಅಷ್ಟೇ. ಅಲ್ಲಿಗೆ ಹತ್ತಲು ಅವರು ಕೊಟ್ಟ ಏಣಿ ಗಿಡ್ಡದು.

ಕಾಂಪ್ರಹೆನ್ಸಿವ್ ಆಗಿದ್ದರೆ? ನಾನು ಬೇಡವೆಂದು ಬಿಟ್ಟ ಪಾಲಿಸಿಯಲ್ಲಿ 250 ಡಿಡಕ್ಟಿಬಲ್, ನಂತರದ 5,000ಕ್ಕೆ ಶೇ. 80 ಅವರದು ಶೇ. 20 ನಮ್ಮದು, ಅದರಾಚೆ ಮಿತಿಯವರೆಗೆ ಪೂರ್ತಿ ಅವರದೇ. ಅಂದರೆ ನಮ್ಮ ಕೈಯಿಂದ ಹೋಗುತ್ತಿದ್ದದ್ದು 250 ಮತ್ತು 1,000 ಸೇರಿ 1,250. ಪಾಲಿಸಿಯ ಹಣ ಕಳೆದು ನಮ್ಮ ತಲೆಯ ಮೇಲೆ ಉಳಿದದ್ದು 25,150. ಪಿಪಿಒ (ಕಂಪನಿಯೊಂದಿಗೆ ದರದ ಒಪ್ಪಂದ ಮಾಡಿಕೊಂಡ ಆಸ್ಪತ್ರೆ, ವೈದ್ಯರ) ನೆಟ್‌ವರ್ಕ್ ಇರುವ ಪಾಲಿಸಿಯಾದರೆ ಇನ್ನೊಂದು ಅನುಕೂಲವಿದೆ: ನೆಟ್‌ವರ್ಕಿನೊಳಗಿನ ಆಸ್ಪತ್ರೆ ಒಪ್ಪಂದದ ದರದಲ್ಲಿ ಬಿಲ್ ಮಾಡಬೇಕು, ಹಾಗಾಗಿ ಶೇಕಡಾವಾರು ಲೆಕ್ಕ ಶುರುವಾಗುವ ಮುಂಚೆಯೇ ಬಿಲ್ಲಿನ ಗಾತ್ರ ಕುಗ್ಗಿರುತ್ತದೆ.

ಗುರುತಿಸುವುದು ಹೇಗೆ ಎಂದರೆ, ಬ್ರೋಷರ್ ಬಿಟ್ಟು ಪಾಲಿಸಿ ಸರ್ಟಿಫಿಕೇಟಿನ ಪಿಡಿಎಫ್ ತೆಗೆದು, ಶೆಡ್ಯೂಲ್ ಆಫ್ ಬೆನಿಫಿಟ್ಸ್ ಎಂಬ ಪುಟ ನೋಡಿ. ಹಾಸಿಗೆ, ಶಸ್ತ್ರಚಿಕಿತ್ಸೆ, ಸ್ಕ್ಯಾನ್ ಎಂದು ಪ್ರತಿ ಸಾಲಿನ ಮುಂದೆಯೂ ಡಾಲರ್ ಮೊತ್ತವಿದ್ದರೆ ಅದು ಫಿಕ್ಸೆಡ್. ಶೇಕಡಾವಾರು, ಅಥವಾ ಯೂಶುವಲ್, ರೀಸನಬಲ್ ಆಂಡ್ ಕಸ್ಟಮರಿ (ಆ ಪ್ರದೇಶದ ವಾಡಿಕೆಯ ದರ) ಎಂದಿದ್ದರೆ ಕಾಂಪ್ರಹೆನ್ಸಿವ್. ಭಾರತದಲ್ಲೇ ಕೊಳ್ಳುವ ಟ್ರಾವೆಲ್ ಪಾಲಿಸಿಗಳಲ್ಲಿ, ಅದರಲ್ಲೂ ಅರವತ್ತು ದಾಟಿದವರ ಪಾಲಿಸಿಗಳಲ್ಲಿ, ಇದೇ ಗುಂಡಿ ಸಬ್-ಲಿಮಿಟ್ (ಒಂದೊಂದು ಸೇವೆಗೂ ಒಳಮಿತಿ) ಎಂಬ ಹೆಸರಿನಲ್ಲಿರುತ್ತದೆ. 50 ಸಾವಿರದ ಕಾಂಪ್ರಹೆನ್ಸಿವ್ ಪಾಲಿಸಿ 1 ಲಕ್ಷದ ಫಿಕ್ಸೆಡ್‌ಗಿಂತ ಎಷ್ಟೋ ಮೇಲು ಎಂದು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಬಗೆ ಸರಿಯಾದ ಮೇಲೆ, ಕೈಲಾದರೆ 1 ಲಕ್ಷಕ್ಕೆ ಏರಿಸಿ. ಎಪ್ಪತ್ತು, ಎಂಬತ್ತು ದಾಟಿದವರಿಗೆ ಕಂಪನಿಗಳೇ ಮಿತಿಯನ್ನು ಇಳಿಸುತ್ತವೆ, ಅಲ್ಲಿ ಆಯ್ಕೆ ಕಡಿಮೆ.

ನಿಮ್ಮ ತಂದೆಗೆ ಬಿಪಿ ಮಾತ್ರೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಹಾಗಾದರೆ ಅಕ್ಯೂಟ್ ಆನ್‌ಸೆಟ್ ಎಂಬ ಷರತ್ತನ್ನು ಎರಡು ಸಲ ಓದಿ. ಮೊದಲೇ ಇರುವ ಕಾಯಿಲೆಗೆ ಈ ಪಾಲಿಸಿಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆ ಕಾಯಿಲೆ ಮುನ್ಸೂಚನೆಯಿಲ್ಲದೆ ಒಮ್ಮೆಲೇ ಉಲ್ಬಣಿಸಿದರೆ ಮಾತ್ರ ಕೊಡುತ್ತವೆ. ಬಹುತೇಕ ಪಾಲಿಸಿಗಳಲ್ಲಿ 24 ಗಂಟೆಯೊಳಗೆ ಚಿಕಿತ್ಸೆಗೆ ಹೋಗಿರಬೇಕು ಎಂದೂ ಇರುತ್ತದೆ. ಎರಡು ದಿನದಿಂದ ಎದೆ ಹಿಡಿದ ಹಾಗಿತ್ತು ಎಂದು ರೋಗಿ ಹೇಳಿದ್ದು ಕೇಸ್‌ಶೀಟಿನಲ್ಲಿ ಬಿದ್ದರೆ ಆ ಬಾಗಿಲೂ ಮುಚ್ಚುತ್ತದೆ. ಹಾಗೆಂದು ಸುಳ್ಳು ಹೇಳಿಸಬೇಡಿ. ನೋವು ಬಂದ ಕೂಡಲೇ ಹೇಳಬೇಕು, ಮಕ್ಕಳಿಗೆ ಖರ್ಚಾಗುತ್ತದೆ ಎಂದು ಸುಮ್ಮನಿರಬಾರದು ಅಂತ ಅವರನ್ನು ಕೂರಿಸಿಕೊಂಡು ಮೊದಲೇ ಒಪ್ಪಿಸಿ. ವಯಸ್ಸಾದವರು ಮುಚ್ಚಿಡುವುದು ಇದನ್ನೇ. ಎದೆನೋವು, ಮಾತು ತೊದಲುವುದು, ಒಂದು ಕಡೆ ಕೈ ಸೋಲುವುದು ಕಂಡರೆ ವಿಮೆಯ ಯೋಚನೆ ಬಿಟ್ಟು 911ಕ್ಕೆ ಫೋನ್ ಮಾಡಿ. ಜ್ವರ, ಮೂತ್ರದ ಸೋಂಕು, ಕಾಲು ಉಳುಕಿದ್ದಕ್ಕೆಲ್ಲ ಅರ್ಜೆಂಟ್ ಕೇರ್ ಎಂಬ ಸಣ್ಣ ಕ್ಲಿನಿಕ್ ಸಾಕು. ಅಡ್ಮಿಟ್ ಆಗದೆ ಎಮರ್ಜೆನ್ಸಿ ರೂಮಿಗೆ ಹೋಗಿಬಂದರೆ ಹಲವು ಪಾಲಿಸಿಗಳು ಹೆಚ್ಚುವರಿ ಡಿಡಕ್ಟಿಬಲ್ ಹಾಕುತ್ತವೆ.

ಹಣವಿಲ್ಲದಿದ್ದರೆ ಆಸ್ಪತ್ರೆಯವರು ಬಾಗಿಲಲ್ಲೇ ತಡೆಯುತ್ತಾರೆ ಎಂಬ ಭಯ ಬೇಡ. 1986ರ ಎಮ್ಟಾಲಾ ಕಾನೂನಿನಂತೆ, ಎಮರ್ಜೆನ್ಸಿ ವಿಭಾಗವಿರುವ ಆಸ್ಪತ್ರೆ ಬಂದವರನ್ನು ಪರೀಕ್ಷಿಸಲೇಬೇಕು, ಪ್ರಾಣಾಪಾಯವಿದ್ದರೆ ಸ್ಥಿರ ಸ್ಥಿತಿಗೆ ತರಲೇಬೇಕು. ಅಲ್ಲಿನ ಹಿರಿಯರ ಸರ್ಕಾರಿ ವಿಮೆಯಾದ ಮೆಡಿಕೇರ್ ಒಪ್ಪಿಕೊಳ್ಳುವ ಎಲ್ಲ ಆಸ್ಪತ್ರೆಗೂ ಇದು ಅನ್ವಯ, ಅಂದರೆ ಹೆಚ್ಚುಕಡಿಮೆ ಎಲ್ಲಕ್ಕೂ. ಆದರೆ ಬಿಲ್ಲನ್ನು ಆ ಕಾನೂನು ಮನ್ನಾ ಮಾಡುವುದಿಲ್ಲ.

ಬಿಲ್ ಬರುವ ರೀತಿಯೂ ನಮಗೆ ಅಭ್ಯಾಸವಿಲ್ಲದ್ದು. ಡಿಸ್‌ಚಾರ್ಜ್ ದಿನ ಕೌಂಟರಿನಲ್ಲಿ ಲೆಕ್ಕ ಚುಕ್ತಾ ಆಗುವುದಿಲ್ಲ. ವಾರಗಳ ಮೇಲೆ ಒಂದೊಂದಾಗಿ ಅಂಚೆಯಲ್ಲಿ ಬರುತ್ತದೆ. ನಮಗೆ ಆಸ್ಪತ್ರೆಯದ್ದು 24,600, ಎಮರ್ಜೆನ್ಸಿ ವೈದ್ಯರದ್ದು 1,480, ಹೃದ್ರೋಗ ತಜ್ಞರದ್ದು 910, ಸ್ಕ್ಯಾನ್ ಓದಿದವರದ್ದು 390, ಆಂಬ್ಯುಲೆನ್ಸಿನದ್ದು 1,900, ಹೀಗೆ ಐದು ಬೇರೆ ಬೇರೆ ಬಿಲ್ ಬಂದವು. ಮೊದಲ ಬಿಲ್ ಬಂದ ಕೂಡಲೇ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ಆಸ್ಪತ್ರೆಯ ಸಾಲಕ್ಕೆ ಚೌಕಾಸಿ ಉಂಟು, ಕಾರ್ಡಿನ ಸಾಲಕ್ಕೆ ಬಡ್ಡಿ ಮಾತ್ರ. ಐಟಮೈಸ್ಡ್ ಬಿಲ್ ಕೊಡಿ ಎಂದು ಬರಹದಲ್ಲಿ ಕೇಳಿ. ಸಿಪಿಟಿ ಕೋಡ್ (ಪ್ರತಿ ಸೇವೆಗೂ ಇರುವ ಸಂಕೇತ ಸಂಖ್ಯೆ) ಸಹಿತ ಸಾಲುಸಾಲಾಗಿ ಬರುತ್ತದೆ. ಎಮರ್ಜೆನ್ಸಿ ಭೇಟಿಗೆ 99281ರಿಂದ 99285ರವರೆಗೆ ಐದು ಹಂತದ ಕೋಡ್‌ಗಳಿವೆ, ಸಂಖ್ಯೆ ಏರಿದಂತೆ ದರವೂ ಏರುತ್ತದೆ. ಮಾಡದ ಪರೀಕ್ಷೆ, ಎರಡು ಸಲ ಬಿದ್ದ ಸಾಲು, ಏರಿಸಿ ಹಾಕಿದ ಹಂತ, ಈ ಮೂರನ್ನು ಹುಡುಕಿ.

ಆಮೇಲೆ ಫೈನಾನ್ಶಿಯಲ್ ಅಸಿಸ್ಟೆನ್ಸ್, ಅಂದರೆ ಕಟ್ಟಲಾಗದವರಿಗೆ ಬಿಲ್ ಇಳಿಸುವ ನೆರವಿನ, ಅರ್ಜಿ ಕೇಳಿ. ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಬೇಕಾದರೆ ಇಂಥ ಲಿಖಿತ ನೀತಿ ಇಟ್ಟುಕೊಳ್ಳಲೇಬೇಕು. ಡಿಸ್‌ಚಾರ್ಜ್ ನಂತರದ ಮೊದಲ ಬಿಲ್ಲಿನಿಂದ 240 ದಿನಗಳವರೆಗೆ ಅರ್ಜಿ ತೆಗೆದುಕೊಳ್ಳಬೇಕು, ಮೊದಲ 120 ದಿನ ಕೋರ್ಟು, ಕ್ರೆಡಿಟ್ ರಿಪೋರ್ಟಿನಂಥ ಕಠಿಣ ವಸೂಲಿಗೆ ಇಳಿಯುವಂತಿಲ್ಲ. ಆ ಪ್ರದೇಶದ ನಿವಾಸಿಗಳಿಗೆ ಮಾತ್ರ ಎಂದು ಕೆಲವು ಆಸ್ಪತ್ರೆಗಳು ಷರತ್ತು ಹಾಕಿರುತ್ತವೆ, ನಮಗೆ ಆದದ್ದೂ ಅದೇ. ಆಗ ವಿಮೆಯಿಲ್ಲದವರಿಗೆ ಕೊಡುವ ಸೆಲ್ಫ್-ಪೇ ರಿಯಾಯಿತಿ ಕೇಳಿದೆ. ಆಸ್ಪತ್ರೆಯ ಬಿಲ್ ಶೇ. 40 ಇಳಿದು 14,760 ಆಯಿತು, ಬಡ್ಡಿಯಿಲ್ಲದ ಕಂತಿಗೂ ಒಪ್ಪಿದರು. ಅಡ್ಮಿಷನ್ ಕಾಗದದಲ್ಲಿ ಗ್ಯಾರಂಟರ್ ಎಂಬ ಜಾಗ ಇರುತ್ತದೆ, ಅಲ್ಲಿ ಓದದೆ ಸಹಿ ಹಾಕಬೇಡಿ. ರೋಗಿಯ ಪರವಾಗಿ ಚಿಕಿತ್ಸೆಗೆ ಒಪ್ಪಿಗೆ ಕೊಡುವುದು ಬೇರೆ, ಹಣದ ಹೊಣೆ ಹೊರುವುದು ಬೇರೆ.

ಇನ್ನು ನಿಮ್ಮ ಎರಡನೇ ಮಾತು: ತಮ್ಮ ಲಂಡನ್ನಿನಲ್ಲಿದ್ದಾನೆ, ಅಲ್ಲಿ ಚಿಕಿತ್ಸೆ ಉಚಿತ, ದೊಡ್ಡದೇನಾದರೂ ಆದರೆ ಅಲ್ಲಿಗೆ ಕಳಿಸುತ್ತೇನೆ ಎಂಬುದು. ಇದನ್ನು ತಲೆಯಿಂದ ತೆಗೆದುಹಾಕಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಉಚಿತವಾಗಿರುವುದು ಅಲ್ಲಿ ನೆಲೆಸಿದವರಿಗೆ. ಆರು ತಿಂಗಳು ಮೀರಿದ ವೀಸಾದವರು ಅದಕ್ಕಾಗಿ ವರ್ಷಕ್ಕೆ 1,035 ಪೌಂಡ್ ಸರ್‌ಚಾರ್ಜ್ ಮುಂಗಡವಾಗಿ ಕಟ್ಟಿರುತ್ತಾರೆ. 2024ರ ಫೆಬ್ರವರಿಯಲ್ಲಿ ಏರಿಸಿದ ದರ ಅದು. ಪ್ರವಾಸಿ ವೀಸಾದಲ್ಲಿ ಹೋದ ತಂದೆತಾಯಿ ಅದನ್ನು ಕಟ್ಟಿರುವುದಿಲ್ಲ. ಇಂಗ್ಲೆಂಡಿನಲ್ಲಿ ಅವರಿಗೆ ಎ ಆಂಡ್ ಇ (ಎಮರ್ಜೆನ್ಸಿ) ವಿಭಾಗದೊಳಗಿನ ಚಿಕಿತ್ಸೆ ಉಚಿತ, ಜಿಪಿ ಎಂಬ ಸಾಮಾನ್ಯ ವೈದ್ಯರ ಭೇಟಿಗೂ ಶುಲ್ಕವಿಲ್ಲ. ಆದರೆ ವಾರ್ಡಿಗೆ ಸೇರಿಸಿಕೊಂಡ ಕ್ಷಣದಿಂದ ಮೀಟರ್ ಓಡುತ್ತದೆ, ಅದೂ ಎನ್‌ಎಚ್‌ಎಸ್ ದರದ ಶೇ. 150ರಂತೆ. ತುರ್ತು ಚಿಕಿತ್ಸೆ ಮೊದಲು ಮಾಡಿ ಆಮೇಲೆ ಬಿಲ್ ಕೊಡುತ್ತಾರೆ, ತುರ್ತಲ್ಲದ್ದಕ್ಕೆ ಹಣ ಮೊದಲೇ ಇಡಬೇಕು. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ವಿಷಯ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ಹೋಗಬಹುದು, ಮುಂದಿನ ವೀಸಾಕ್ಕೆ ಅದೇ ಅಡ್ಡಿಯಾಗುತ್ತದೆ. ಬ್ರಿಟನ್ ವೀಸಾಕ್ಕೆ ವಿಮೆ ಕಡ್ಡಾಯವಲ್ಲದ ಕಾರಣ ಬಹಳಷ್ಟು ಜನ ಬರಿಗೈಯಲ್ಲಿ ಹೋಗುತ್ತಾರೆ. ತಮ್ಮನಿಗೂ ಹೇಳಿ, ಅಲ್ಲಿಗೆ ಹೋಗುವಾಗಲೂ ವಿಮೆ ಬೇಕು.

ವಿಮೆ ಕಡ್ಡಾಯ ಮಾಡಿರುವ ದೇಶಗಳೇ ಈ ವಿಷಯದಲ್ಲಿ ನಮ್ಮಂಥವರಿಗೆ ಒಳ್ಳೆಯದು ಮಾಡಿವೆ ಅನ್ನುವುದು ನನ್ನ ಅಭಿಪ್ರಾಯ. ಯೂರೋಪಿನ ಹಲವು ದೇಶಗಳಿಗೆ ಸಾಮಾನ್ಯವಾದ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಇರಲೇಬೇಕು, ತುರ್ತು ಚಿಕಿತ್ಸೆ ಮತ್ತು ಸ್ವದೇಶಕ್ಕೆ ಕರೆತರುವ ವೆಚ್ಚ ಅದರೊಳಗೇ. ಅಲ್ಲಿರುವ ಮಕ್ಕಳ ಬಳಿಗೆ ಹೋಗುವ ತಂದೆತಾಯಿಗಾಗಿ ಇರುವ ಕೆನಡಾದ ಸೂಪರ್ ವೀಸಾಕ್ಕೆ ಕನಿಷ್ಠ 1,00,000 ಕೆನಡಿಯನ್ ಡಾಲರಿನ, ಒಂದು ವರ್ಷದ ಪಾಲಿಸಿ ಬೇಕು, ಬರೀ ಕೊಟೇಶನ್ ತೋರಿಸಿದರೆ ನಡೆಯದು. ಕೆನಡಾದ ಪಾಲಿಸಿಗಳಲ್ಲಿ ಸ್ಟೆಬಿಲಿಟಿ ಪೀರಿಯಡ್ ಎಂಬುದನ್ನು ನೋಡಿ: ಮೊದಲೇ ಇರುವ ಕಾಯಿಲೆಗೆ ರಕ್ಷಣೆ ಬೇಕಾದರೆ ಪಾಲಿಸಿ ಶುರುವಾಗುವ ಹಿಂದಿನ 90 ಅಥವಾ 180 ದಿನ ಮಾತ್ರೆ, ಡೋಸ್ ಯಾವುದೂ ಬದಲಾಗಿರಬಾರದು. ಹೊರಡುವ ಮುಂಚೆ ಒಮ್ಮೆ ಚೆಕಪ್ ಎಂದು ಹೋಗಿ ಬಿಪಿ ಮಾತ್ರೆ ಬದಲಿಸಿಕೊಂಡು ಬಂದರೆ ಅದೇ ಮುಳುವಾಗುತ್ತದೆ. ಚೆಕಪ್ ಮಾಡಿಸಲೇಬೇಕು, ಆದರೆ ಪ್ರಯಾಣಕ್ಕೆ ಆರೇಳು ತಿಂಗಳು ಮೊದಲು.

ಪಾಲಿಸಿಯ ದಿನಾಂಕದ ಬಗ್ಗೆಯೂ ಎಚ್ಚರವಿರಲಿ. ವಿಮಾನ ಇಳಿಯುವ ದಿನದಿಂದ ಬೇಡ, ಹೊರಡುವ ದಿನದಿಂದ ತೆಗೆದುಕೊಳ್ಳಿ. ಮಧ್ಯದಲ್ಲಿ ವಿಮಾನ ಬದಲಿಸುವ ಊರಿನಲ್ಲೂ ಬಿದ್ದು ಕಾಲು ಮುರಿಯಬಹುದು. ವಾಸ ಮುಂದುವರಿಸುವುದಾದರೆ ಹಳೆಯ ಪಾಲಿಸಿ ಮುಗಿಯುವ ಮುನ್ನವೇ ಅದನ್ನೇ ವಿಸ್ತರಿಸಿ. ಒಂದು ದಿನ ತಪ್ಪಿದರೂ ಹೊಸ ಪಾಲಿಸಿ ಕೊಳ್ಳಬೇಕಾಗುತ್ತದೆ, ಅಷ್ಟರವರೆಗೆ ಬಂದ ಕೆಮ್ಮು, ನೋವು ಎಲ್ಲವೂ ಅದರ ಲೆಕ್ಕದಲ್ಲಿ ಮೊದಲೇ ಇದ್ದ ಕಾಯಿಲೆ.